ಹಾಲು ಬತ್ತಿದ ಹಸು

ಮಡಿಕೇರಿಯ ಮಳೆಗಾಲದಲ್ಲಿ ಅಟ್ಟಕ್ಕೆ ಏರಿದ ವಸ್ತು ಬೂಷ್ಟು ಹಿಡಿಯದೆ ಇಳಿಯುವುದಿಲ್ಲ. ಹಾಗೆ ಇಳಿದದ್ದು ನಮ್ಮ ಹಳೆಯ ಕಂಪ್ಯೂಟರಿನ ಮಾನಿಟರು. ಬೆನ್ನು ಉಬ್ಬಿದ, 15 ಕಿಲೋಗೆ ಕಡಿಮೆಯಿಲ್ಲದ, ಗಾಜಿನ ಕೊಳವೆಯದು. ಗುಂಡಿ ಒತ್ತಿದರೆ ಇನ್ನೂ ಬೆಳಗುತ್ತಿತ್ತು. ಬೆಳಗುವುದನ್ನು ಎಸೆಯಲು ಕೈ ಬರಲಿಲ್ಲ. ಇಂಥದರ ಹೊರಕವಚವನ್ನು ಮೀನಿನ ತೊಟ್ಟಿ ಮಾಡಿಕೊಂಡವರುಂಟೆಂದು ಮಗ ಹೇಳಿದ. ಹೊರಗೇ ಇಷ್ಟು ನೀರಿರುವಾಗ ಒಳಗೊಂದು ತೊಟ್ಟಿ ಏಕೆಂದು ಅವನ ತಾಯಿ ಕೇಳಿದಳು. ಕೊನೆಗೆ ಅದನ್ನು ಸಮೀಪದ ಒಂದು ಶಾಲೆಗೆ ಕೊಟ್ಟುಬಂದೆ. ಆ ದಿನ ನನಗಾದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ವರ್ಷದ ಮೇಲೆ ಅದೇ ಶಾಲೆಗೆ ಹೋದಾಗ ಅದು ಮೂಲೆಯ ಮೇಜಿನ ಮೇಲೆ ಕಸೂತಿಯ ಬಟ್ಟೆ ಹೊದ್ದು ಕುಳಿತಿತ್ತು. ತಲೆಯ ಮೇಲೊಂದು ಹೂದಾನಿ. "ಇದಕ್ಕೆ ಜೋಡಿಸುವ ಕಂಪ್ಯೂಟರೇ ನಮ್ಮಲ್ಲಿಲ್ಲ ಸಾರ್. ಪ್ರೀತಿಯಿಂದ ತಂದಿರಿ, ಬೇಡ ಎನ್ನಲು ಬಾಯಿ ಬರಲಿಲ್ಲ" ಎಂದರು ಮುಖ್ಯೋಪಾಧ್ಯಾಯರು. ಮೇಜು ಹೀಗೆ ಸಲ್ಲದ ಅತಿಥಿಯ ಪಾಲಾದ್ದರಿಂದ ಇಬ್ಬರು ಮಕ್ಕಳು ನೆಲದ ಮೇಲೆ ಕುಳಿತು ಬರೆಯುತ್ತಿದ್ದರು.

ಕಠೋಪನಿಷತ್ತಿನ ವಾಜಶ್ರವಸ ನೆನಪಾದ. ಯಜ್ಞದಲ್ಲಿ ಸರ್ವಸ್ವವನ್ನೂ ಕೊಡಹೊರಟವನು ಹಾಲು ಬತ್ತಿದ ಮುದಿ ಹಸುಗಳನ್ನು ದಾನಕ್ಕೆ ನಿಲ್ಲಿಸಿದ. ಹುಡುಗ ನಚಿಕೇತನಿಗೆ ಅದನ್ನು ನೋಡಲಾಗಲಿಲ್ಲ. ಆ ಕಥೆಯಲ್ಲಿ ನಾವೆಲ್ಲ ಯಮನ ಮನೆಗೆ ಬೇಗ ಓಡುತ್ತೇವೆ; ಆ ಹಸುಗಳಿಗೆ ಆಮೇಲೆ ಹುಲ್ಲು ಹಾಕಿದವರು ಯಾರೆಂದು ಕೇಳುವುದಿಲ್ಲ.

ನನ್ನ ಹಸುವಿನ ಹೊಟ್ಟೆಯಲ್ಲಿ ವಿಷವೂ ಇತ್ತು. ಎಕ್ಸ್-ಕಿರಣ ಹೊರಬಾರದಂತೆ ಇಂಥ ಕೊಳವೆಯ ಗಾಜಿಗೆ ಸೀಸ ಬೆರೆಸುತ್ತಿದ್ದರು. ಬಳಸುವವನಿಗೆ ಅದರಿಂದ ಅಪಾಯವಿಲ್ಲ. ಒಳಗಿನ ತಾಮ್ರದ ಸುರುಳಿಯ ಆಸೆಗೆ ಅದನ್ನು ಒಡೆಯುವ ಬಡವನಿಗೆ ಉಂಟು. ಹಳೆಯದನ್ನು ಕೊಡುವಾಗ ಆ ಕೊನೆಯ ಕೆಲಸವನ್ನೂ ನಾವು ಇನ್ನೊಬ್ಬರ ಕೈಗೆ ಇಡುತ್ತಿರುತ್ತೇವೆ. ಇಂಥ ಕಸದ ವಿಲೇವಾರಿಗೆ 2011ರಲ್ಲಿ ನಿಯಮ ಬಂತು. 2016ರಲ್ಲೂ 2022ರಲ್ಲೂ ಹೊಸವು ಬಂದವು. ಪುಣ್ಯ ಕಟ್ಟಿಕೊಳ್ಳುವ ಆತುರದಲ್ಲಿ ನಾನು ಒಂದನ್ನೂ ಓದಿರಲಿಲ್ಲ.

ಹಾಗಾದರೆ ಹಳೆಯದಕ್ಕೆ ಹೊಸ ಬಾಳೇ ಇಲ್ಲವೆ? ನಮ್ಮ ಕೋಟೆಯನ್ನೇ ನೋಡಿ. ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಕಟ್ಟಿಸಿದ ಅರಮನೆಯಲ್ಲಿ ಬಹುಕಾಲ ಸರ್ಕಾರಿ ಕಚೇರಿಗಳು ನಡೆದವು. ಅದೇ ಆವರಣದ ಇಂಗ್ಲಿಷರ ಇಗರ್ಜಿ 1971ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅಲ್ಲಿ ಕಚೇರಿಗೆ ಸೂರು ಬೇಕಿತ್ತು, ಹಳೆಯ ಶಿಲ್ಪಗಳಿಗೆ ನೆಲೆ ಬೇಕಿತ್ತು. 'ಬೇಕು' ಎಂಬುದು ತಾನಾಗಿ ಬಂದು ಬಾಗಿಲು ತಟ್ಟಿತು. ಶಾಲೆಯ ಬಾಗಿಲು ತಟ್ಟಿದ್ದಾದರೋ ನನ್ನ ಮನೆಯ 'ಬೇಡ'.

ಮಾನಿಟರನ್ನು ಆಟೋದಲ್ಲಿ ಹಾಕಿಕೊಂಡು ಮರಳಿ ತಂದೆ. ಮುಂದಿನ ಸಲ ಬೆಂಗಳೂರಿಗೆ ಹೋಗುವಾಗ ಅಧಿಕೃತ ಮರುಬಳಕೆ ಘಟಕಕ್ಕೆ ಒಪ್ಪಿಸಬೇಕು. ಸಾಗಿಸುವ ಖರ್ಚು ನನ್ನದೇ. ಶಾಲೆಯಿಂದ ಹೊರಡುವ ಮುಂಚೆ, ನಿಮಗೆ ನಿಜವಾಗಿ ಏನು ಬೇಕೆಂದು ಮುಖ್ಯೋಪಾಧ್ಯಾಯರನ್ನು ಕೇಳಿದೆ. ಅವರು ಬಹಳ ಸಂಕೋಚಪಟ್ಟು, ಮಕ್ಕಳ ಒದ್ದೆ ಕೊಡೆಗಳನ್ನು ನೇತುಹಾಕಲು ಜಗಲಿಯಲ್ಲಿ ಉದ್ದನೆಯದೊಂದು ಕಬ್ಬಿಣದ ಸರಳು ಇದ್ದರೆ ಸಾಕೆಂದರು.