ವೆನಿಸಿನ ನ್ಯಾಯಸಭೆಯಲ್ಲಿ ದಯೆ

ದಯೆ ಎಂಬ ಶಬ್ದವನ್ನು ಉಚ್ಚರಿಸುವುದು ಸುಲಭ. ನಮ್ಮಿಂದ ಭಿನ್ನನಾದವನ ವಿಷಯದಲ್ಲಿ ಅದನ್ನು ಆಚರಿಸುವುದು ಕಠಿನ. ಅದಕ್ಕಿಂತಲೂ ಕಠಿನವಾದುದು, ನಾವು ದಯೆಯೆಂದು ತೋರಿದ್ದು ನಿಜವಾಗಿಯೂ ದಯೆಯೇ ಎಂದು ಪರೀಕ್ಷಿಸಿಕೊಳ್ಳುವುದು. ಈ ಪರೀಕ್ಷೆಗೆ ಶೇಕ್ಸ್‌ಪಿಯರ್ ಕವಿಯ ‘ಮರ್ಚೆಂಟ್ ಆಫ್ ವೆನಿಸ್’ ನಾಟಕಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ವಿರಳ. 1596-97ರ ಸುಮಾರಿನಲ್ಲಿ ರಚಿತವಾಗಿ 1600ರಲ್ಲಿ ಅಚ್ಚಾದ ಈ ಕೃತಿಯನ್ನು ನಾವು ವಿದ್ಯಾರ್ಥಿದೆಸೆಯಲ್ಲಿ ಓದಿ, ಪೋರ್ಷಿಯಾಳ ಜಾಣ್ಮೆಗೆ ತಲೆದೂಗಿ, ಶೈಲಾಕನ ಸೋಲಿಗೆ ಹಿಗ್ಗಿದವರು. ವಯಸ್ಸು ಮಾಗಿದ ಮೇಲೆ ಮತ್ತೆ ಓದಿದಾಗ ಆ ಹಿಗ್ಗು ಉಳಿಯಲಿಲ್ಲ. ಏಕೆ ಉಳಿಯಲಿಲ್ಲವೆಂಬುದೇ ಈ ಲೇಖನದ ವಿಚಾರ.

ಕಥೆ ಬಹುಮಂದಿಗೆ ಪರಿಚಿತವಾದುದು. ಗೆಳೆಯ ಬಸ್ಸಾನಿಯೋವಿನ ಸಲುವಾಗಿ ವರ್ತಕ ಆಂಟೋನಿಯೋ ಯಹೂದಿಯಾದ ಶೈಲಾಕನಿಂದ ಮೂರು ತಿಂಗಳ ಅವಧಿಗೆ 3000 ಡ್ಯುಕಾಟ್ ಸಾಲ ಪಡೆಯುತ್ತಾನೆ. ಅವಧಿ ಮೀರಿದರೆ ಸಾಲಗಾರನ ದೇಹದಿಂದ ಒಂದು ಪೌಂಡ್ ಮಾಂಸವನ್ನು ಕೊಯ್ದುಕೊಳ್ಳಬಹುದೆಂಬುದು ಕರಾರು. ಅವಧಿ ಮೀರುತ್ತದೆ. ಪುರುಷವೇಷದಲ್ಲಿ ನ್ಯಾಯಶಾಸ್ತ್ರಜ್ಞಳಾಗಿ ಬಂದ ಪೋರ್ಷಿಯಾ, ಮಾಂಸಕ್ಕೆ ಮಾತ್ರ ಹಕ್ಕುಂಟು, ರಕ್ತದ ಒಂದು ಹನಿಗೂ ಇಲ್ಲವೆಂದು ಸಾಧಿಸಿ ಆಂಟೋನಿಯೋವಿನ ಪ್ರಾಣವನ್ನು ಉಳಿಸುತ್ತಾಳೆ.

ಶೈಲಾಕನ ಕ್ರೌರ್ಯವನ್ನು ಯಾರೂ ಸಮರ್ಥಿಸಲಾರರು. ತುಂಬಿದ ಸಭೆಯಲ್ಲಿ ಕತ್ತಿ ಮಸೆದವನು ಅವನು. ಆದರೆ ಆ ಕತ್ತಿ ಮಸೆದದ್ದು ಅಂದೇ ಅಲ್ಲ. ಆಂಟೋನಿಯೋ ಅವನನ್ನು ನಾಯಿಯೆಂದು ಕರೆದಿದ್ದನು, ಮೈಮೇಲೆ ಉಗುಳಿದ್ದನು. ಸಾಲ ಕೇಳಲು ಬಂದ ಹೊತ್ತಿನಲ್ಲಿಯೂ ಮುಂದೆ ಹಾಗೆಯೇ ಮಾಡುವೆನೆಂದು ಹೇಳಿದನು. ಅವಮಾನವು ಸೇಡಿಗೆ ಕಾರಣವಾದೀತು, ಸಮರ್ಥನೆಯಾಗದು. ಆದರೆ ಕಾರಣವನ್ನು ಬಿತ್ತಿದವರು ಫಲವನ್ನು ಮಾತ್ರ ದೂಷಿಸುವುದು ನ್ಯಾಯವೇ?

ಇತಿಹಾಸವನ್ನು ನೋಡಿದರೆ ಈ ಪ್ರಶ್ನೆ ಇನ್ನೂ ಆಳವಾಗುತ್ತದೆ. ವೆನಿಸ್ ಗಣರಾಜ್ಯವು 1516ರಲ್ಲಿ ಯಹೂದಿಗಳಿಗೆಂದು ಪ್ರತ್ಯೇಕ ಕೇರಿಯನ್ನು ಗೊತ್ತುಪಡಿಸಿ, ರಾತ್ರಿಯಾದೊಡನೆ ಅದರ ಬಾಗಿಲುಗಳನ್ನು ಮುಚ್ಚಿಸುತ್ತಿದ್ದಿತು. ‘ಘೆಟ್ಟೊ’ ಎಂಬ ಪದ ಲೋಕಕ್ಕೆ ಹರಡಿದ್ದು ಅಲ್ಲಿಂದಲೇ. ಹೊರಗೆ ಬಂದವರು ಗುರುತಿನ ಬಣ್ಣದ ಟೊಪ್ಪಿಗೆ ಧರಿಸಬೇಕಾಗಿತ್ತು. ಭೂಮಿಯ ಒಡೆತನವೂ ಬಹುತೇಕ ಕಸುಬುಗಳೂ ಅವರಿಗೆ ನಿಷಿದ್ಧವಾಗಿದ್ದವು. ಕ್ರೈಸ್ತರಿಗೆ ಬಡ್ಡಿ ಪಾಪ. ನಗರಕ್ಕೋ ಸಾಲ ಬೇಕು. ಆದುದರಿಂದ ಆ ಕೆಲಸವನ್ನು ಯಹೂದಿಗಳಿಗೆ ವಹಿಸಿ, ಬಳಿಕ ಅದೇ ಕೆಲಸಕ್ಕಾಗಿ ಅವರನ್ನು ಹಳಿಯಲಾಯಿತು. ಪೂರ್ವಗ್ರಹದ ರೀತಿಯೇ ಇದು: ಎಲ್ಲ ಬಾಗಿಲುಗಳನ್ನೂ ಮುಚ್ಚಿ ಒಂದನ್ನು ಮಾತ್ರ ತೆರೆದಿಡುವುದು, ಆ ಬಾಗಿಲಿನಿಂದ ಬಂದವನನ್ನು ಹುಟ್ಟುಗುಣವೇ ಹಾಗೆಂದು ಜರೆಯುವುದು.

ಇಂಗ್ಲೆಂಡಿನ ಸ್ಥಿತಿ ಇನ್ನೂ ವಿಚಿತ್ರ. ಅಲ್ಲಿಂದ ಯಹೂದಿಗಳನ್ನು 1290ರಲ್ಲಿಯೇ ಹೊರದೂಡಲಾಗಿತ್ತು; ಬಹಿರಂಗವಾಗಿ ನೆಲೆಸುವ ಅವಕಾಶ ಮತ್ತೆ ದೊರೆತದ್ದು 1656ರಲ್ಲಿ. ರಂಗಮಂದಿರದಲ್ಲಿ ಶೈಲಾಕನನ್ನು ಕಂಡು ನಕ್ಕವರಲ್ಲಿ ಬಹುಮಂದಿ ತಮ್ಮ ಧರ್ಮವನ್ನು ಬಹಿರಂಗವಾಗಿ ಆಚರಿಸುವ ಒಬ್ಬ ಯಹೂದಿಯನ್ನೂ ಕಂಡಿರಲಾರರು. ದ್ವೇಷಕ್ಕೆ ಪರಿಚಯದ ಅಗತ್ಯವಿಲ್ಲ. ಪರಿಚಯವಿಲ್ಲದಿರುವುದೇ ಅದಕ್ಕೆ ಅನುಕೂಲ.

ಇನ್ನು ಸ್ತ್ರೀಪಾತ್ರಗಳ ವಿಚಾರ. ಪೋರ್ಷಿಯಾ ಐಶ್ವರ್ಯವಂತೆ, ಬುದ್ಧಿವಂತೆ, ಆದರೂ ಸ್ವತಂತ್ರಳಲ್ಲ. ಚಿನ್ನ, ಬೆಳ್ಳಿ, ಸೀಸದ ಮೂರು ಪೆಟ್ಟಿಗೆಗಳಲ್ಲಿ ಸರಿಯಾದುದನ್ನು ಆರಿಸಿದವನೇ ಅವಳ ಪತಿಯೆಂದು ತೀರಿಹೋದ ತಂದೆಯ ಉಯಿಲು ವಿಧಿಸಿದೆ. ಬಸ್ಸಾನಿಯೋ ಗೆದ್ದ ಗಳಿಗೆಯಲ್ಲಿ ತನ್ನನ್ನೂ ತನ್ನ ಸರ್ವಸ್ವವನ್ನೂ ಅವನಿಗೆ ಒಪ್ಪಿಸುತ್ತಾಳೆ. ನಗರದ ಪಂಡಿತರಿಗೆ ಬಿಡಿಸಲಾಗದ ಕಗ್ಗಂಟನ್ನು ಬಿಡಿಸಬಲ್ಲ ಆಕೆ, ಅದಕ್ಕಾಗಿ ಗಂಡುಡುಗೆ ತೊಡಬೇಕು. ಆಗಿನ ಇಂಗ್ಲೆಂಡಿನ ರಂಗದ ಮೇಲೆ ಆ ಪಾತ್ರವನ್ನು ವಹಿಸಿದವನೂ ಒಬ್ಬ ಹುಡುಗನೇ. ನಾಟಕದಲ್ಲಿ ಆಕೆಗೆ ನ್ಯಾಯವಾದಿಯ ನಿಲುವಂಗಿ ಬರುವುದು ಪಾದುವಾ ನಗರದಿಂದ. ಅದೇ ಪಾದುವಾದ ವಿಶ್ವವಿದ್ಯಾನಿಲಯದಲ್ಲಿ 1678ರಲ್ಲಿ ವೆನಿಸಿನ ಎಲೆನಾ ಕೊರ್ನಾರೊ ಪಿಸ್ಕೋಪಿಯಾ ಎಂಬ ವಿದುಷಿಗೆ ದೇವತಾಶಾಸ್ತ್ರದ ಪದವಿ ನಿರಾಕೃತವಾಗಿ, ತತ್ತ್ವಶಾಸ್ತ್ರದ ಡಾಕ್ಟರೇಟ್ ಸಂದಿತು. ಇಂಗ್ಲೆಂಡಿನಲ್ಲಿ ಸ್ತ್ರೀಯರಿಗೆ ವಕೀಲವೃತ್ತಿಯ ಬಾಗಿಲು ತೆರೆದದ್ದು 1919ರ ಶಾಸನದಿಂದ.

ಹೀಗೆ ತಾನೇ ಕಟ್ಟಿಗೆ ಒಳಗಾದವಳು ಮತ್ತೊಬ್ಬನ ಕಟ್ಟನ್ನು ಕಂಡಳೇ? ಇಲ್ಲಿಯೇ ನಾಟಕದ ನೋವಿರುವುದು. ದಯೆ ಬಲವಂತದಿಂದ ಬರುವಂಥದಲ್ಲವೆಂದು, ಕೊಟ್ಟವನನ್ನೂ ಪಡೆದವನನ್ನೂ ಅದು ಧನ್ಯಗೊಳಿಸುವುದೆಂದು ಶೈಲಾಕನಿಗೆ ಬೋಧಿಸಿದವಳು ಆಕೆ. ಆದರೆ ಆ ಸಭೆಯಲ್ಲಿ ಅವನನ್ನು ಹೆಚ್ಚಾಗಿ ಹೆಸರಿನಿಂದ ಕರೆಯದೆ ‘ಯಹೂದಿ’ ಎಂದೇ ಸಂಬೋಧಿಸುತ್ತಾಳೆ. ತನ್ನನ್ನು ವರಿಸಲು ಬಂದ ಮೊರಾಕೊ ರಾಜಕುಮಾರ ಸೋತು ಹೋದಾಗ ಅವನ ಮೈಬಣ್ಣವನ್ನು ಆಡಿಕೊಂಡವಳೂ ಅವಳೇ. ಕೊನೆಗೆ, ಪರಕೀಯನು ನಾಗರಿಕನ ಪ್ರಾಣಕ್ಕೆ ಎರವಾದರೆ ಅವನ ಆಸ್ತಿಯ ಅರ್ಧ ಆ ನಾಗರಿಕನಿಗೆ, ಉಳಿದರ್ಧ ರಾಜ್ಯಕ್ಕೆ, ಪ್ರಾಣವು ಡ್ಯೂಕನ ಕೃಪೆಯ ವಶವೆಂಬ ಕಾನೂನನ್ನು ಅವಳು ಹೊರತೆಗೆಯುತ್ತಾಳೆ. ಪ್ರಾಣ ಉಳಿಯುತ್ತದೆ, ಆದರೆ ಶೈಲಾಕನು ಕ್ರೈಸ್ತನಾಗಬೇಕೆಂದು ಆಂಟೋನಿಯೋ ಷರತ್ತು ಹಾಕುತ್ತಾನೆ. ಒಪ್ಪಿಗೆಯೇ ಎಂದು ಪೋರ್ಷಿಯಾ ಕೇಳುತ್ತಾಳೆ. ಒಪ್ಪಿದೆನೆಂದು ಹೇಳಿ, ಮೈ ಸರಿಯಿಲ್ಲವೆಂದು ಆ ವೃದ್ಧನು ಹೊರಟುಹೋಗುತ್ತಾನೆ.

ಅಂದಿನ ಪ್ರೇಕ್ಷಕರು ಇದನ್ನು ಉಪಕಾರವೆಂದೇ ಭಾವಿಸಿರಬಹುದು. ದೀಕ್ಷಾಸ್ನಾನದಿಂದಲೇ ಮೋಕ್ಷವೆಂದು ನಂಬಿದವರಿಗೆ ಅದು ಆತ್ಮೋದ್ಧಾರದ ಕಾರ್ಯವಾಗಿಯೇ ಕಂಡೀತು. ಆ ನಂಬಿಕೆ ಪ್ರಾಮಾಣಿಕವೆಂದೇ ಒಪ್ಪೋಣ. ಆದರೂ ಕತ್ತಿನ ಮೇಲೆ ಕಾನೂನಿನ ಕತ್ತಿಯಿರುವಾಗ ಹೊರಟ ‘ಒಪ್ಪಿದೆ’ ಎಂಬ ಮಾತು ಶ್ರದ್ಧೆಯಾಗಲಾರದು. ಬಲವಂತದಿಂದ ದಯೆ ಹುಟ್ಟದೆಂಬುದು ದಿಟವಾದರೆ ಬಲವಂತದಿಂದ ಭಕ್ತಿಯೂ ಹುಟ್ಟದು. ಪೋರ್ಷಿಯಾಳ ಮಾತೇ ಆ ತೀರ್ಪನ್ನು ಖಂಡಿಸುತ್ತದೆ.

ಶೈಲಾಕನ ಮಗಳು ಜೆಸ್ಸಿಕಾಳ ಬಾಳು ಇದರ ಮತ್ತೊಂದು ಮುಖ. ಅವಳೂ ಗಂಡುಡುಗೆ ತೊಟ್ಟು, ತಂದೆಯ ಹಣ ಒಡವೆಗಳೊಡನೆ ಲೊರೆಂಜೋವಿನ ಕೂಡ ಓಡಿಹೋಗಿ ಕ್ರೈಸ್ತಳಾಗುತ್ತಾಳೆ. ತಾಯಿ ಲೇಯಾ ಮದುವೆಗೆ ಮುನ್ನ ತಂದೆಗೆ ಕೊಟ್ಟಿದ್ದ ಉಂಗುರವನ್ನು ಒಂದು ಕೋತಿಗಾಗಿ ಮಾರಿದಳೆಂಬ ಸುದ್ದಿ ಕೇಳಿ ಶೈಲಾಕನು ಸಂಕಟಪಡುವುದನ್ನು ಓದಿದವರು ಅವನನ್ನು ಬರಿಯ ಲೋಭಿಯೆನ್ನಲಾರರು. ಬಿಡುಗಡೆ ಪಡೆದ ಜೆಸ್ಸಿಕಾಳ ಕೊನೆಯ ಮಾತೂ, ಇಂಪಾದ ಸಂಗೀತ ಕೇಳಿದಾಗ ತನ್ನ ಮನಸ್ಸು ಉಲ್ಲಾಸಗೊಳ್ಳುವುದಿಲ್ಲವೆಂಬುದು. ತವರನ್ನೂ ಧರ್ಮವನ್ನೂ ತೊರೆದಲ್ಲದೆ ಹೆಣ್ಣಿಗೆ ಸ್ವಾತಂತ್ರ್ಯವಿಲ್ಲವೆಂದಾದರೆ ಅದೆಂತಹ ಸ್ವಾತಂತ್ರ್ಯ?

ನಿಜವಾದ ವೆನಿಸ್ ಇದಕ್ಕೆ ಉತ್ತರ ಕೊಟ್ಟಿದೆ. ಅದೇ ಘೆಟ್ಟೊದಲ್ಲಿ ಸಾರಾ ಕೋಪಿಯಾ ಸುಲ್ಲಂ ಎಂಬ ಯಹೂದಿ ಕವಯಿತ್ರಿ ಬಾಳಿದ್ದಳು. ಒಬ್ಬ ಕ್ರೈಸ್ತ ಕವಿ ಅವಳೊಡನೆ ಪತ್ರವ್ಯವಹಾರ ನಡೆಸಿ ಮತಾಂತರಕ್ಕೆ ಒತ್ತಾಯಿಸಿದನು. ಆಕೆ ಸ್ನೇಹವನ್ನು ಒಪ್ಪಿದಳು, ಮತಾಂತರವನ್ನು ಒಪ್ಪಲಿಲ್ಲ. ಆತ್ಮದ ಅಮರತ್ವವನ್ನು ಅಲ್ಲಗಳೆದಳೆಂದು ಒಬ್ಬ ಪಾದ್ರಿ ಆರೋಪ ಹೊರಿಸಿದಾಗ 1621ರಲ್ಲಿ ತನ್ನ ಹೆಸರಿನಲ್ಲಿಯೇ ಪ್ರತ್ಯುತ್ತರವನ್ನು ಅಚ್ಚು ಹಾಕಿಸಿದಳು. ಆಕೆ ವೇಷವನ್ನೂ ಮರೆಸಲಿಲ್ಲ, ಧರ್ಮವನ್ನೂ ಬಿಡಲಿಲ್ಲ.

ಈ ನಾಟಕವನ್ನು 1943ರಲ್ಲಿ ವಿಯೆನ್ನಾದಲ್ಲಿ ನಾತ್ಸಿಗಳು ಯಹೂದಿದ್ವೇಷದ ಪ್ರಚಾರಕ್ಕೆ ಬಳಸಿಕೊಂಡರು. ಹಾಗೆಂದು ಕೃತಿಯನ್ನು ಬದಿಗಿರಿಸಬೇಕೆಂದು ನಾವು ಹೇಳೆವು. ಯಹೂದಿಗೂ ಕಣ್ಣು, ಕೈ, ನೋವು ಉಂಟೆಂದು ಆ ಕಾಲದಲ್ಲಿಯೇ ಶೈಲಾಕನ ಬಾಯಲ್ಲಿ ನುಡಿಸಿದ ಕವಿ, ನಾವು ನಗುವಾಗಲೇ ನಮ್ಮನ್ನು ಅಳೆಯುತ್ತಾನೆ. ಒಂದು ಅನ್ಯಾಯವನ್ನು ಉಂಡವರು ಇನ್ನೊಂದು ಅನ್ಯಾಯದಿಂದ ತಾವಾಗಿಯೇ ಮುಕ್ತರಾಗುವುದಿಲ್ಲ. ಒಳ್ಳೆಯ ಮಾತನಾಡಿದವರು ಆ ಮಾತಿನಿಂದಲೇ ಒಳ್ಳೆಯವರಾಗುವುದಿಲ್ಲ. ಇನ್ನೊಬ್ಬನನ್ನು ಅವನಾಗಿಯೇ ಉಳಿಯಗೊಡುವುದು ದಯೆಯ ಮೊದಲ ಲಕ್ಷಣ. ಗೆದ್ದವರೆಲ್ಲರೂ ಬೆಳದಿಂಗಳಲ್ಲಿ ಬೆಲ್ಮಾಂಟಿನ ಮನೆ ಸೇರುವಾಗ, ಸಭೆಯಿಂದ ಒಂಟಿಯಾಗಿ ಹೊರಟುಹೋದವನನ್ನು ನೆನೆಯುವ ಓದುಗನೇ ಆ ನಾಟಕದ ನಿಜವಾದ ನ್ಯಾಯಾಧೀಶ.