ಕೆಂಪಿನ ಅರ್ಥವಿಚಾರ

ಲೋಕದಲ್ಲಿ ವರ್ಣಗಳು ಅನೇಕವಾಗಿದ್ದರೂ ನೋಡುವವನ ಕಣ್ಣನ್ನು ಮೊದಲು ಸೆಳೆಯತಕ್ಕದ್ದು ಕೆಂಪು. ಹೊಸ್ತಿಲಿಗೆ ಬಳಿದ ಕೆಮ್ಮಣ್ಣು ಬಂದವರನ್ನು ಒಳಕ್ಕೆ ಕರೆಯುತ್ತದೆ. ರೈಲುಹಾದಿಯಲ್ಲಿ ಹಿಡಿದ ಕೆಂಪು ನಿಶಾನೆಯು ಬರುವ ಗಾಡಿಯನ್ನು ನಿಲ್ಲಿಸುತ್ತದೆ. ಕನ್ನಡದ ‘ಕೆಂ’ ಎಂಬ ಒಂದೇ ಅಕ್ಷರವು ಕೆಂದಾವರೆಯಲ್ಲಿ ಚೆಲುವನ್ನೂ ಕೆಂಗಣ್ಣಿನಲ್ಲಿ ಕೋಪವನ್ನೂ ತೋರಿಸುತ್ತದೆ. ಸಂಸ್ಕೃತದಲ್ಲಿ ‘ರಕ್ತ’ವೆಂದರೆ ಕೆಂಪಾದುದು, ನೆತ್ತರು, ಪ್ರೀತಿಗೊಂಡವನು ಎಂಬ ಮೂರರ್ಥಗಳೂ ಉಂಟು. ಹೀಗೆ ಪರಸ್ಪರ ವಿರುದ್ಧವಾದ ಭಾವಗಳಿಗೆ ಆಶ್ರಯವಾಗಿರುವ ಈ ವರ್ಣದಲ್ಲಿ ಶುಭಾಶುಭಗಳು ಸ್ವಭಾವದಿಂದಲೇ ಇರುವುವೋ, ಅಥವಾ ಮನುಷ್ಯರು ಇಟ್ಟುದರಿಂದ ಬಂದುವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ನಿತ್ಯವೆಂದು ಮೀಮಾಂಸಕರು ಹೇಳಿದರು; ಸಂಕೇತದಿಂದ ಬಂದುದೆಂದು ನೈಯಾಯಿಕರು ಹೇಳಿದರು. ವರ್ಣದ ವಿಷಯದಲ್ಲಿ ಎರಡನೆಯ ಪಕ್ಷವೇ ಯುಕ್ತವಾಗಿ ತೋರುತ್ತದೆ. ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಶ್ವೇತಕೇತುವಿಗೆ ಅಗ್ನಿಯ ಕೆಂಪು ತೇಜಸ್ಸಿನ ರೂಪವೆಂದು ಉಪದೇಶಿಸುವಾಗ ಅದನ್ನು ಶುಭವೆಂದಾಗಲಿ ಅಶುಭವೆಂದಾಗಲಿ ಹೇಳಲಿಲ್ಲ. ಕೆಂಪು ಬೆಳಕು ಗಾಳಿಯಲ್ಲಿ ಇತರ ವರ್ಣಗಳಿಗಿಂತ ಕಡಮೆ ಚದರುವುದೆಂಬುದು ವಸ್ತುಧರ್ಮ. ಅದನ್ನು ಕಂಡರೆ ನಿಲ್ಲಬೇಕೆಂಬುದು ಮನುಷ್ಯರು ಮಾಡಿಕೊಂಡ ಸಂಕೇತ. ಈ ಸಂಕೇತವು ಪ್ರಾಣಗಳನ್ನು ಕಾಯುವುದರಿಂದ ಎಲ್ಲರಿಗೂ ಮಾನ್ಯವಾಗಿದೆ.

ಇನ್ನು ಮನೆಯೊಳಗಿನ ಕೆಂಪನ್ನು ನೋಡೋಣ. ಅರಿಸಿನವು ಹಳದಿ, ಸುಣ್ಣವು ಬಿಳಿ. ಎರಡೂ ನೀರಿನಲ್ಲಿ ಕೂಡಿದರೆ ಆರತಿಯ ತಟ್ಟೆಯಲ್ಲಿ ಕೆಂಪು ಹುಟ್ಟುತ್ತದೆ. ಕುಂಕುಮದ ಕೆಂಪೂ ಬಹುಕಾಲ ಇಂಥ ಸಂಯೋಗದಿಂದಲೇ ಬಂದಿತು. ಹುಣಿಸೆಯ ಹುಳಿ ತಗುಲಿದರೆ ಆ ಕೆಂಪು ಮತ್ತೆ ಹಳದಿಯಾಗುತ್ತದೆ. ಇಷ್ಟು ಸುಲಭವಾಗಿ ಬಂದು ಹೋಗುವ ಬಣ್ಣವು ಒಬ್ಬ ಸ್ತ್ರೀಯ ಮಂಗಳತ್ವಕ್ಕೆ ಪ್ರಮಾಣವಾಗುವುದೆಂತು?

ಆದರೂ ಪತಿಯು ತೀರಿಕೊಂಡೊಡನೆ ಪತ್ನಿಯ ಹಣೆಯ ಕುಂಕುಮವನ್ನು ಒರೆಸುವ ರೂಢಿಯು ಅನೇಕ ಕಡೆ ನಡೆದುಬಂದಿದೆ. ಹಣೆಯ ಕೆಂಪು ಆಕೆಗೆ ಬಾಲ್ಯದಲ್ಲಿ ತಾಯಿಯು ಇಟ್ಟುದು. ವಿವಾಹಕ್ಕೆ ಮೊದಲೇ ಬಂದುದು ಪತಿಯೊಡನೆ ಹೋಗತಕ್ಕದ್ದೆಂಬುದಕ್ಕೆ ಯುಕ್ತಿಯೇನು? ದುಃಖದಲ್ಲಿ ಮುಳುಗಿದವಳಿಗೆ ಆಸರೆಯಾಗಬೇಕಾದ ಬಂಧುಗಳೇ ಆಕೆಯನ್ನು ಅಮಂಗಳೆಯೆಂದು ಗುರುತಿಸುವುದು ಧರ್ಮವಾಗಲಾರದು.

‘ಬಣ್ಣದಲ್ಲಿ ಸ್ವತಃ ಅರ್ಥವಿಲ್ಲವೆಂದ ಮೇಲೆ ಅದು ಹೋದರೆ ನಷ್ಟವೇನು?’ ಎಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕೆ ಸಮಾಧಾನವಿದು: ಅರ್ಥವು ಬಣ್ಣದಲ್ಲಿಲ್ಲದಿದ್ದರೂ ಅವಮಾನವು ಮನಸ್ಸಿಗೆ ತಗಲುತ್ತದೆ. ಸಂಕೇತವನ್ನು ಕಲ್ಪಿಸಿದವರು ಮನುಷ್ಯರೇ ಆದುದರಿಂದ ಅದರ ಫಲಕ್ಕೂ ಅವರೇ ಹೊಣೆಗಾರರು. ಆ ಹೊಣೆಯನ್ನು ವಿಧಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಕಾಯುವ ಸಂಕೇತವನ್ನು ಉಳಿಸಿಕೊಂಡು, ನೋಯಿಸುವ ಸಂಕೇತವನ್ನು ತಿದ್ದುವುದೇ ವಿವೇಕ.

ಈ ತಿದ್ದುಪಾಟು ಅಸಾಧ್ಯವೂ ಅಲ್ಲ. ಕರ್ನಾಟಕದ ನೆರೆಯ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮದ ಪಂಚಾಯತಿಯು 2022ರ ಮೇ ತಿಂಗಳಲ್ಲಿ, ವಿಧವೆಯರ ಕುಂಕುಮವನ್ನೊರೆಸುವುದು, ಬಳೆಗಳನ್ನೊಡೆಯುವುದು ಮೊದಲಾದ ಆಚಾರಗಳನ್ನು ನಿಲ್ಲಿಸಬೇಕೆಂದು ನಿರ್ಣಯಿಸಿತು. ಅದೇ ತಿಂಗಳಲ್ಲಿ ಮಹಾರಾಷ್ಟ್ರ ಸರ್ಕಾರವು ಇತರ ಗ್ರಾಮಗಳೂ ಆ ಮಾರ್ಗವನ್ನು ಅನುಸರಿಸಬೇಕೆಂದು ಸೂಚಿಸಿತು.

ಕುಂಕುಮವನ್ನು ಇಡಲೇಬೇಕೆಂದು ಒತ್ತಾಯಪಡಿಸುವುದು ಇದರ ತಾತ್ಪರ್ಯವಲ್ಲ. ಇಡುವುದೂ ಬಿಡುವುದೂ ಆಕೆಯ ಇಚ್ಛೆಗೆ ಸೇರಿದ್ದು. ಮಕ್ಕಳನ್ನು ಒಬ್ಬಳೇ ಸಾಕಿ ಸಲಹಿದ ತಾಯಿಯು ಮಗಳ ಮದುವೆಯ ದಿನ ಕಂಬದ ಮರೆಯಲ್ಲಿ ನಿಲ್ಲುವಂತಾಗಬಾರದು. ಆ ಕೆಂಪು ನೀರಿನ ಆರತಿಯ ತಟ್ಟೆಯನ್ನು ಹಿಡಿಯಲು ಆಕೆಗಿಂತ ಅರ್ಹರು ಆ ಮನೆಯಲ್ಲಿ ಬೇರೆ ಯಾರಿರುವರೆಂಬುದನ್ನು ಸಜ್ಜನರು ಆಲೋಚಿಸಲಿ.