ಸೀಮಾರೇಖೆಯೂ ತಿದ್ದುವವನ ಧರ್ಮವೂ

ಭೂಮಿಗೆ ಹುಟ್ಟಿನಿಂದ ಗೆರೆಯಿಲ್ಲ. ಗೆರೆಯನ್ನೆಳೆದವನು ಮನುಷ್ಯನು, ಆದುದರಿಂದ ಗೆರೆಯ ತಪ್ಪೂ ಅವನದೇ. ಆ ತಪ್ಪನ್ನು ತಿದ್ದುವ ಅಧಿಕಾರವು ಯಾರದು, ಎಷ್ಟರಮಟ್ಟಿನದು ಎಂಬ ಹಳೆಯ ಪ್ರಶ್ನೆಯು ಈಗ ಹೊಸ ವೇಷದಲ್ಲಿ ಬಂದಿದೆ.

ಕರ್ನಾಟಕದ ಪಹಣಿಗಳು 2000ದ ಸುಮಾರಿಗೆ ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರವನ್ನು ಸೇರಿದವು. ಪಹಣಿಯು ಅಕ್ಷರ ಅಂಕಿಗಳ ಪತ್ರ. ಅದನ್ನು ನಕಲುಮಾಡುವುದು ಅಷ್ಟು ಕಷ್ಟವಲ್ಲ. ನಕ್ಷೆಯ ಮಾತು ಬೇರೆ. ಸರಪಳಿಯಿಂದಳೆದ ಟಿಪ್ಪಣಿಗಳು, ಮಡಿಕೆಬಿದ್ದು ತೇವಕ್ಕೆ ಹಿಗ್ಗಿ ಬಿಸಿಲಿಗೆ ಕುಗ್ಗಿದ ಗ್ರಾಮನಕ್ಷೆಗಳು—ಇವುಗಳನ್ನು ಯಂತ್ರಕ್ಕೇರಿಸಿದಾಗ ಎರಡು ಸರ್ವೆ ನಂಬರುಗಳ ನಡುವೆ ಯಾರಿಗೂ ಸೇರದ ಸೀಳೊಂದು ತೋರುತ್ತದೆ. ಮತ್ತೊಂದೆಡೆ ಒಂದೇ ನೆಲವು ಇಬ್ಬರ ಹೆಸರಿಗೂ ಬೀಳುತ್ತದೆ. ಹೊಸ ಭಂಡಾರಕ್ಕೆ ಸಾಗಿಸುವ ಮುನ್ನ ಇವನ್ನು ಸರಿಪಡಿಸಬೇಕೆಂಬುದು ನ್ಯಾಯವೇ.

ಯಂತ್ರಕ್ಕೆ ಇದಕ್ಕೊಂದು ಉಪಾಯವುಂಟು. ಇಷ್ಟು ಅಂತರದೊಳಗಿನ ಬಿಂದುಗಳನ್ನೆಲ್ಲ ಒಂದುಗೂಡಿಸೆಂದು ಮಿತಿಯನ್ನು ಕೊಟ್ಟರೆ ಸೀಳು ಕ್ಷಣದಲ್ಲಿ ಮಾಯವಾಗುವುದು. ಈ ಮಿತಿಗೆ ಇಂಗ್ಲಿಷಿನಲ್ಲಿ ಸಹನೆಯೆಂಬರ್ಥದ ಹೆಸರಿದೆ. ಸಹಿಸಬೇಕಾದವನು ಮಾತ್ರ ಯಂತ್ರವಲ್ಲ, ರೈತನು! ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂದರೆ 1,089 ಚದರಡಿ. 660 ಅಡಿಯ ಬದುವು ಒಂದೇ ಅಡಿ ಸರಿದರೆ ಅರ್ಧ ಗುಂಟೆಗೂ ಮಿಕ್ಕ ನೆಲವು ಕೈಬದಲಾಗುತ್ತದೆ. ಆ ಅಡಿಯಲ್ಲಿ ತೆಂಗಿನ ಸಾಲೊಂದಿದ್ದರೆ ಎರಡು ಮನೆಗಳ ಮಾತುಕತೆ ನಿಲ್ಲುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಮನುಸ್ಮೃತಿಯ ಎಂಟನೆಯ ಅಧ್ಯಾಯವು ಸೀಮಾವಿವಾದವನ್ನು ಬಹು ವಿಸ್ತಾರವಾಗಿ ಹೇಳುತ್ತದೆ. ಗಡಿಯಲ್ಲಿ ಆಲ, ಅರಳಿ, ಮುತ್ತುಗಗಳನ್ನು ನೆಡಬೇಕು. ಮಣ್ಣಿನಲ್ಲಿ ಕರಗದ ಇದ್ದಲು, ಬೂದಿ, ಹೊಟ್ಟು, ಬೋಕಿಗಳನ್ನು ಗುಪ್ತವಾಗಿ ಹೂಳಬೇಕು. ಚಿಹ್ನೆಗಳಿಂದ ಸಂಶಯವು ತೀರದಿದ್ದರೆ ಸಾಕ್ಷಿಗಳನ್ನು ಕೇಳಬೇಕು. ನೆರೆಯವರಲ್ಲಿ ಸಾಕ್ಷಿಗಳು ದೊರೆಯದಿದ್ದರೆ ಗೋವಳರನ್ನೂ, ಬೇಡರನ್ನೂ, ಗೆಡ್ಡೆ ಅಗೆಯುವವರನ್ನೂ, ಹಾವು ಹಿಡಿಯುವವರನ್ನೂ ವಿಚಾರಿಸತಕ್ಕದ್ದು. ವರ್ಣಭೇದವನ್ನು ಅಷ್ಟು ಕಟ್ಟುನಿಟ್ಟಾಗಿ ಹೇಳುವ ಗ್ರಂಥವೇ ಇಲ್ಲಿ ಹಾವಾಡಿಗನ ಮಾತನ್ನು ಪ್ರಮಾಣವೆಂದು ಸ್ವೀಕರಿಸುತ್ತದೆ. ಕಾರಣವಿಷ್ಟೆ: ಅವನು ಆ ನೆಲವನ್ನು ತುಳಿದವನು.

ಪ್ರತಿಯೊಂದು ಸೀಳಿಗೂ ಅಳತೆಗಾರನನ್ನು ಕಳುಹಿಸಿದರೆ ಕೆಲಸವು ಮುಗಿಯುವುದೆಂದಿಗೆ ಎಂಬ ಆಕ್ಷೇಪಣೆಯು ಹುರುಳಿಲ್ಲದ್ದಲ್ಲ. ಟಿಪ್ಪಣಿಯ ಅಳತೆಯೂ ಬಾಂದುಕಲ್ಲೂ ಒಂದೇ ಮಾತನ್ನು ಹೇಳುತ್ತಿದ್ದು, ನಕಲುಮಾಡಿದ ಕೈ ಮಾತ್ರ ನಡುಗಿದ್ದರೆ, ಕುಳಿತಲ್ಲೇ ತಿದ್ದಬಹುದು. ಅಲ್ಲಿ ಹಿಂಜರಿಯುವುದು ಧರ್ಮಭೀತಿಯಲ್ಲ, ಮೈಗಳ್ಳತನ. ಎರಡು ಟಿಪ್ಪಣಿಗಳೇ ತಮ್ಮೊಳಗೆ ವಿರೋಧಿಸಿದರೆ ಅದು ಬರಹದ ತಪ್ಪಲ್ಲ, ವ್ಯಾಜ್ಯ. ಇನ್ನು ಕೆಲವು ಸೀಳುಗಳು ತಪ್ಪೇ ಅಲ್ಲ. ಅದು ಬಂಡಿದಾರಿಯಾಗಿರಬಹುದು, ಹಳ್ಳವಾಗಿರಬಹುದು, ಸ್ಮಶಾನಕ್ಕೆ ಹೋಗುವ ಕಾಲುಹಾದಿಯಾಗಿರಬಹುದು. ಯಂತ್ರವು ಅದನ್ನು ಪಕ್ಕದ ಹೊಲಕ್ಕೆ ಸೇರಿಸಿದರೆ ಊರಿನ ಹೆಣಕ್ಕೆ ದಾರಿಯಿಲ್ಲದಂತಾಗುವುದು. ಯಂತ್ರದೆದುರು ಕುಳಿತವನಿಗೆ ಮೂರೂ ಒಂದೇ ಬಗೆಯ ಸೀಳಾಗಿಯೇ ಕಾಣುತ್ತವೆ. ಕೇಡಿನ ಮೂಲವು ಇಲ್ಲಿದೆ. ಕೇಡು ಬಯಸದೆಯೇ ಅವನು ವಾದಿ ಪ್ರತಿವಾದಿಗಳಿಲ್ಲದ ತೀರ್ಪನ್ನು ಬರೆದುಬಿಡುತ್ತಾನೆ. ಹಳೆಯ ಗೆರೆ ಅಳಿದುಹೋಗುವುದರಿಂದ ಮೇಲ್ಮನವಿಗೂ ಆಧಾರವುಳಿಯದು.

ಆದಕಾರಣ ತಿದ್ದಿದ ಗೆರೆಯೊಡನೆ ಹಳೆಯ ಗೆರೆಯನ್ನೂ, ತಿದ್ದಿದವನ ಹೆಸರು, ದಿನ, ಕಾರಣಗಳನ್ನೂ ಇರಿಸತಕ್ಕದ್ದು. ನಿರ್ಣಯವಾಗದ ಸೀಳನ್ನು ನಿರ್ಣಯವಾಗಿಲ್ಲವೆಂಬ ಗುರುತಿನೊಡನೆಯೇ ಸಾಗಿಸಬಹುದು. ಅದರಿಂದ ಹೊಸ ನಕ್ಷೆಯು ಅಂದಗೆಟ್ಟಿತೆಂದು ಮೇಲಿನವರು ಮುನಿದರೂ, ಇಬ್ಬರು ಹಿಡುವಳಿದಾರರಿಗೂ ನೋಟೀಸು ಮುಟ್ಟಿ ಅಳತೆಗಾರನು ಬದುವಿನ ಮೇಲೆ ನಿಲ್ಲುವವರೆಗೆ ಅದು ಹಾಗೆಯೇ ಇರಲಿ.